ಬೋರ್ಡಿನಲ್ಲಿ ಜರ್ಕಿನ್, ಬಿಲ್ಲಿನಲ್ಲಿ ಜಾಕೆಟ್: ತೆರಿಗೆ ಯಾವುದಕ್ಕೆ?

ಬಟ್ಟೆ ಮೇಲಿನ ಜಿಎಸ್‌ಟಿ ಇಳಿಯಿತು ಎಂಬ ಸುದ್ದಿ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳ 22ರಿಂದ ಹೊಸ ದರ ಜಾರಿಗೂ ಬಂತು. ಆದರೆ ಚಳಿ ಹಿಡಿದ ಮೇಲೆ ಚಿಕ್ಕಬಳ್ಳಾಪುರದಲ್ಲೋ ಕೋಲಾರದಲ್ಲೋ ಜರ್ಕಿನ್ ಕೊಳ್ಳಲು ಅಂಗಡಿಗೆ ಹೋದವರಿಗೆ ಲೆಕ್ಕ ತಾಳೆಯಾಗುವುದಿಲ್ಲ. ಎರಡು ಸಾವಿರದ ಜರ್ಕಿನ್‌ಗೆ ತೆರಿಗೆ ಇಳಿದಿದೆ, ಮೂರು ಸಾವಿರದ್ದಕ್ಕೆ ಏರಿದೆ. ಅದರ ಮೇಲೆ ಇನ್ನೊಂದು ತೊಡಕು. ಅಂಗಡಿಯವರ ಬಾಯಲ್ಲಿ ಅದು ‘ಜರ್ಕಿನ್’, ಬಿಲ್ಲಿನಲ್ಲಿ ‘ಜಾಕೆಟ್’, ಆನ್‌ಲೈನ್‌ನಲ್ಲಿ ಅದೇ ಮಾಲು ‘ವಿಂಡ್‌ಚೀಟರ್’. ಹೆಸರು ಬದಲಾದರೆ ತೆರಿಗೆಯೂ ಬದಲಾಗುತ್ತದೆಯೇ ಎಂದು ಕೇಳುವುದು ಸಹಜ.

ಬದಲಾಗುವುದಿಲ್ಲ. ತೆರಿಗೆ ಬೀಳುವುದು ಬಟ್ಟೆ ಯಾವುದು, ಅದನ್ನು ಹೇಗೆ ಮಾಡಿದ್ದಾರೆ, ಎಷ್ಟಕ್ಕೆ ಮಾರಿದ್ದಾರೆ ಎಂಬುದರ ಮೇಲೆ. ಇಂಗ್ಲೆಂಡಿನಲ್ಲಿ ಈಗ ಹೆಚ್ಚು ಜನ ಬಳಸದ ‘ಜರ್ಕಿನ್’ ನಮ್ಮ ಸಂತೆ ಬೀದಿಗಳಲ್ಲಿ ದಿನಬಳಕೆಯ ಮಾತಾದದ್ದು ಹೇಗೆ ಎಂಬುದು ಬೇರೆಯದೇ ಪ್ರಶ್ನೆ. ಎರಡನ್ನೂ ಬಿಡಿಬಿಡಿಯಾಗಿ ನೋಡಬೇಕು.

ಕಾನೂನಿನ ಪಟ್ಟಿಯಲ್ಲಿ ಏನಿದೆ

ಸರಕುಗಳನ್ನು ವಿಂಗಡಿಸಲು ಜಿಎಸ್‌ಟಿ ಬಳಸುವುದು ಎಚ್‌ಎಸ್‌ಎನ್ ಸಂಕೇತ. ಉಡುಪುಗಳಿಗೆ ಅದರಲ್ಲಿ ಎರಡು ಅಧ್ಯಾಯ: ಹೆಣೆದ ಬಟ್ಟೆಯದು 61, ನೇಯ್ದ ಬಟ್ಟೆಯದು 62. ಸ್ವೆಟರ್, ಉಣ್ಣೆಯಂತೆ ಮೆತ್ತಗಿರುವ ಫ್ಲೀಸ್ ಜರ್ಕಿನ್, ಹೂಡಿ ಇವೆಲ್ಲ ಹೆಣೆದ ಬಟ್ಟೆಯವು. ಸರಸರ ಸದ್ದು ಮಾಡುವ ನೈಲಾನ್ ಜರ್ಕಿನ್ ನೇಯ್ದದ್ದು. ಗುರುತಿಸುವುದು ಕಷ್ಟವಲ್ಲ. ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಎಳೆದಾಗ ಹಿಗ್ಗಿ, ಬಿಟ್ಟಾಗ ಮೊದಲಿನಂತಾದರೆ ಸಾಮಾನ್ಯವಾಗಿ ಹೆಣೆದದ್ದು. ಬಿಗಿಯಾಗಿ ನಿಂತರೆ ನೇಯ್ದದ್ದು.

ಗಂಡಸರ ನೇಯ್ದ ಹೊರ ಉಡುಪಿಗೆ ಇರುವ 6201ನೇ ಶೀರ್ಷಿಕೆಯಲ್ಲಿ ಓವರ್‌ಕೋಟ್ ಇದೆ, ಟೋಪಿ ಇರುವ ಚಳಿಯಂಗಿ ಅನೊರಾಕ್ ಇದೆ, ಹಿಮದಲ್ಲಿ ಜಾರುವವರ ಸ್ಕೀ ಜಾಕೆಟ್ ಇದೆ, ವಿಂಡ್‌ಚೀಟರ್ ಇದೆ. ಜರ್ಕಿನ್ ಇಲ್ಲ. ಗ್ರೀನ್‌ಲ್ಯಾಂಡಿನ ಜನರ ಮಾತಿನಿಂದ ಬಂದ ಅನೊರಾಕ್ ಎಂಬ ಪದ ಶಿಡ್ಲಘಟ್ಟದ ಅಂಗಡಿಯ ಬಿಲ್ಲಿಗೂ ಅನ್ವಯಿಸುತ್ತದೆ, ಶಿಡ್ಲಘಟ್ಟದವರು ಆಡುವ ಪದಕ್ಕೆ ಅಲ್ಲಿ ಜಾಗವಿಲ್ಲ. ಹಾಗೆಂದು ನಷ್ಟವೇನೂ ಆಗದು. ‘ಅದರಂತಹ ಇತರ ಉಡುಪು’ ಎಂಬ ಬಾಲ ಆ ಶೀರ್ಷಿಕೆಗೆ ಇರುವುದರಿಂದ ಜರ್ಕಿನ್ ಅದರಡಿಯೇ ಬರುತ್ತದೆ.

ದರದ ಮಟ್ಟಿಗೆ 61 ಮತ್ತು 62ಕ್ಕೆ ಭೇದವಿಲ್ಲ. ಒಂದು ಪೀಸ್‌ನ ಮಾರಾಟ ಮೌಲ್ಯ 2,500 ರೂಪಾಯಿ ಮೀರದಿದ್ದರೆ ಶೇ 5, ಮೀರಿದರೆ ಶೇ 18. ಹಿಂದೆ ಗೆರೆ ಇದ್ದದ್ದು 1,000 ರೂಪಾಯಿಗೆ. ಅದರ ಮೇಲಿನದಕ್ಕೆ ಶೇ 12. ಹೀಗಾಗಿ ತೆರಿಗೆ ಬಿಟ್ಟು 2,000 ರೂಪಾಯಿಯ ಜರ್ಕಿನ್‌ಗೆ ಮೊದಲು 2,240 ಕೊಡಬೇಕಿತ್ತು, ಈಗ 2,100 ಸಾಕು. 3,000 ರೂಪಾಯಿಯದ್ದಕ್ಕೆ 3,360 ಇದ್ದದ್ದು 3,540 ಆಗಿದೆ. 900 ರೂಪಾಯಿಯ ಮಾಲಿಗೆ ಏನೂ ಬದಲಾಗಿಲ್ಲ. ‘ಇಳಿಯಿತು’ ಎಂದವರೂ ‘ಏರಿತು’ ಎಂದವರೂ ತಮ್ಮ ತಮ್ಮ ಬಿಲ್ ನೋಡಿಯೇ ಹೇಳುತ್ತಿದ್ದಾರೆ.

ಗಮನಿಸಬೇಕಾದ್ದು ‘ಒಂದು ಪೀಸ್’ ಎಂಬ ಮಾತು. ಗಂಡನಿಗೊಂದು ಹೆಂಡತಿಗೊಂದು ಎಂದು 1,800 ರೂಪಾಯಿಯ ಎರಡು ಜರ್ಕಿನ್ ತೆಗೆದುಕೊಂಡರೆ ಬಿಲ್ ಮೊತ್ತ 3,600 ದಾಟುತ್ತದೆ. ಆದರೂ ಪ್ರತಿಯೊಂದಕ್ಕೂ ಶೇ 5 ಮಾತ್ರ.

ಹೆಸರಿಗಿಂತ ಬಟ್ಟೆ ಮುಖ್ಯವಾಗುವ ಒಂದು ಕಡೆ ಇದೆ. ‘ಲೆದರ್ ಜರ್ಕಿನ್’ ಎಂದು ಬಜಾರಿನಲ್ಲಿ ನೇತುಹಾಕಿರುವುದರಲ್ಲಿ ಬಹುಪಾಲು ಚರ್ಮವಲ್ಲ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ ಕೊಟ್ಟ ರೆಕ್ಸಿನ್ ಜಾತಿಯದು. ಲೇಪನದ ಬಟ್ಟೆಯಲ್ಲಿ ಹೊಲಿದ ಉಡುಪು ಸಾಮಾನ್ಯವಾಗಿ 6210ರಡಿ ಬರುವುದರಿಂದ 2,500ರ ಗೆರೆ ಅದಕ್ಕೂ ಅನ್ವಯ. ನಿಜವಾದ ಚರ್ಮದ್ದು 42ನೇ ಅಧ್ಯಾಯದ 4203ಕ್ಕೆ ಹೋಗುತ್ತದೆ. ಅಲ್ಲಿ ಈ ಗೆರೆಯ ರಿಯಾಯಿತಿ ಸಿಗದು. ಒಳಮೈ ನೋಡಿದರೆ ಗುಟ್ಟು ಹೊರಬೀಳುತ್ತದೆ. ಜೇಬಿನ ಅಂಚಿನಲ್ಲಿ ಕತ್ತರಿಸಿದ ಕಡೆ ನಾರುನಾರಾಗಿ ಕಂಡರೆ ಚರ್ಮ, ನೂಲಿನ ಬಲೆ ಕಂಡರೆ ರೆಕ್ಸಿನ್. ರೆಕ್ಸಿನ್ ಎರಡು ಮೂರು ಬೇಸಿಗೆ ಬೀರುವಿನಲ್ಲಿ ಮಡಿಸಿಟ್ಟರೆ ಮಡಿಕೆಯ ಗೆರೆಯಲ್ಲೇ ಸಿಪ್ಪೆ ಏಳಲು ಶುರುವಾಗುತ್ತದೆ. ನೇತುಹಾಕಿದರೆ ಇನ್ನಷ್ಟು ಕಾಲ ಬಾಳುತ್ತದೆ.

2,625ರಿಂದ 2,950: ಇರಬಾರದ ಬೆಲೆ

ಬಿಲ್ಲಿನ ಜಗಳಗಳು ಹುಟ್ಟುವ ಜಾಗ ಇದು. ಗೆರೆಯ ಈಚೆ ಬದಿಯ ಅತಿ ಹೆಚ್ಚು ಬೆಲೆ 2,500. ಶೇ 5 ಸೇರಿಸಿದರೆ ಗಿರಾಕಿ ಕೊಡುವುದು 2,625. ಆಚೆ ಬದಿಯ ಅತಿ ಕಡಿಮೆ ಬೆಲೆ 2,501 ಎಂದಿಟ್ಟುಕೊಂಡರೆ ಶೇ 18 ಸೇರಿ 2,951 ರೂಪಾಯಿ 18 ಪೈಸೆ. ಮೂಲ ಬೆಲೆ ಒಂದು ರೂಪಾಯಿ ಏರಿದ್ದಕ್ಕೆ ಗಿರಾಕಿಯ ಕೈಯಿಂದ 326 ರೂಪಾಯಿ ಹೆಚ್ಚು ಹೋಯಿತು. ಅಂದರೆ ತೆರಿಗೆ ಸೇರಿದ ಬೆಲೆ 2,625ಕ್ಕಿಂತ ಮೇಲೆ, 2,950ರ ಒಳಗೆ ಇರಲು ಸಾಧ್ಯವೇ ಇಲ್ಲ.

ಆದರೆ ಚೀಟಿಯಲ್ಲಿ ಅಂತಹ ಬೆಲೆ ಕಾಣಿಸುತ್ತದೆ. ಕಾರಣ ಡಿಸ್ಕೌಂಟ್. ಎಂಆರ್‌ಪಿ 3,499 ಇರುವ ಜರ್ಕಿನ್‌ಗೆ ಶೇ 20 ಬಿಟ್ಟರೆ 2,799 ಆಗುತ್ತದೆ. ಕಂಪ್ಯೂಟರ್ ಹಳೆಯ ಅಭ್ಯಾಸದಂತೆ ಅದರೊಳಗಿನಿಂದ ಶೇ 18 ತೆಗೆದರೆ ಮೂಲ ಬೆಲೆ 2,372 ಎಂದು ತೋರಿಸುತ್ತದೆ. ಅದು 2,500ಕ್ಕಿಂತ ಕಡಿಮೆ, ಹಾಗಾಗಿ ಶೇ 5 ಹಾಕಬೇಕಿತ್ತು. ಗಿರಾಕಿ ಕೊಡಬೇಕಿದ್ದದ್ದು ಸುಮಾರು 2,491. ಸರಿ, ಶೇ 5 ಎಂದೇ ಲೆಕ್ಕ ಹಾಕೋಣ ಎಂದು 2,799ರೊಳಗಿನಿಂದ ತೆಗೆದರೆ ಮೂಲ ಬೆಲೆ 2,666 ಆಗಿ ಗೆರೆ ದಾಟುತ್ತದೆ; ಆಗ ಇಲಾಖೆಗೆ ತೆರಿಗೆ ಕಡಿಮೆ ಬಿತ್ತು. ಅಂಗಡಿಯವರು ಯಾವ ದಾರಿ ಹಿಡಿದರೂ ತಪ್ಪೇ. ಮೂಲ ಬೆಲೆಯನ್ನು 2,500ಕ್ಕೆ ಇಳಿಸಿ 2,625ಕ್ಕೆ ಮಾರಬೇಕು, ಇಲ್ಲವೇ 2,951ರ ಮೇಲೆ ಮಾರಬೇಕು. ಅದೇ ಜರ್ಕಿನ್‌ಗೆ ಶೇ 30 ಬಿಟ್ಟರೆ 2,449 ಆಗಿ ಈ ಕಗ್ಗಂಟೇ ಇರುವುದಿಲ್ಲ. ಗೆರೆ ಲೆಕ್ಕಕ್ಕೆ ಬರುವುದು ಎಂಆರ್‌ಪಿಯಿಂದಲ್ಲ, ಡಿಸ್ಕೌಂಟ್ ಕಳೆದು ನಿಜವಾಗಿ ಮಾರಿದ ಮೌಲ್ಯದಿಂದ.

ಸಂತೆಯಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ ಲುಧಿಯಾನಾ ಮಾಲು ಹರವಿ ಕೂರುವವರಿಗೆ ಈ ತಲೆಬಿಸಿ ಕಡಿಮೆ. ಸರಕು ಮಾರುವವರ ವಾರ್ಷಿಕ ವಹಿವಾಟು ಕರ್ನಾಟಕದೊಳಗೆ 40 ಲಕ್ಷ ರೂಪಾಯಿ ದಾಟದಿದ್ದರೆ ನೋಂದಣಿಯೇ ಕಡ್ಡಾಯವಲ್ಲ. ಒಟ್ಟು ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆಯನ್ನು ತಾವೇ ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿ ಇರುವ ಅಂಗಡಿಗಳು ಗಿರಾಕಿಯಿಂದ ಜಿಎಸ್‌ಟಿ ಎಂದು ಬೇರೆಯಾಗಿ ವಸೂಲು ಮಾಡುವಂತಿಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇಲ್ಲದೆ ತೆರಿಗೆಯ ಸಾಲು ಮಾತ್ರ ಇದ್ದರೆ ಪ್ರಶ್ನಿಸಬಹುದು.

ಇಂಗ್ಲಿಷಿನ ಜರ್ಕಿನ್‌ಗೆ ತೋಳಿಲ್ಲ

ಈಗ ಹೆಸರಿನ ವಿಷಯ. ಇಂಗ್ಲಿಷಿನಲ್ಲಿ ‘ಜರ್ಕಿನ್’ 16ನೇ ಶತಮಾನದ ಆರಂಭದಿಂದ ಸಿಗುತ್ತದೆ. ಆಗ ಅದು ಗಂಡಸರು ಒಳಂಗಿಯ ಮೇಲೆ ಹಾಕುತ್ತಿದ್ದ, ಮೈಗೆ ಹತ್ತಿಕೊಳ್ಳುವ, ಹೆಚ್ಚಾಗಿ ತೋಳಿಲ್ಲದ ಗಿಡ್ಡ ಉಡುಪು. ಸೈನಿಕರದು ದಪ್ಪ ಚರ್ಮದ್ದು. ಪದದ ಹುಟ್ಟನ್ನು ನಿಘಂಟುಕಾರರು ತೀರ್ಮಾನಿಸಿಲ್ಲ. ಡಚ್ಚಿನ ‘ಯುರ್ಕ್’ ಅಂದರೆ ಹೆಂಗಸರ ಗೌನು, ಅದರಿಂದ ಬಂದಿರಬೇಕು ಎಂಬ ವಾದವಿತ್ತು. ಆದರೆ ಆ ಡಚ್ ಪದ ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದೇ ಜರ್ಕಿನ್‌ಗಿಂತ ತಡವಾಗಿ. ಹಾಗಾಗಿ ಆ ವಾದ ನಿಲ್ಲಲಿಲ್ಲ.

ಹಳತಾಗಿದ್ದ ಪದಕ್ಕೆ ಮತ್ತೆ ಜೀವ ಬಂದದ್ದು ಮೊದಲ ಮಹಾಯುದ್ಧದಲ್ಲಿ. ಉದ್ದನೆಯ ಗ್ರೇಟ್‌ಕೋಟು ಕಂದಕದ ಕೆಸರಿನಲ್ಲಿ ನೆನೆದು ಮಣಭಾರವಾಗುತ್ತಿತ್ತು. ತೋಳು ಎತ್ತಿ ಕೆಲಸ ಮಾಡಲು ಬಿಡುತ್ತಿರಲಿಲ್ಲ. ಅದಕ್ಕೆ ಬ್ರಿಟಿಷ್ ಸೇನೆ ಹೊರಗೆ ಚರ್ಮ, ಒಳಗೆ ಉಣ್ಣೆಯ ಕಂಬಳಿ ಬಟ್ಟೆಯ ಅಸ್ತರಿ ಇರುವ, ತೋಳಿಲ್ಲದ ಜರ್ಕಿನ್ ಕೊಟ್ಟಿತು. 2ನೇ ಮಹಾಯುದ್ಧದಲ್ಲೂ ಅದು ಮುಂದುವರಿಯಿತು. ‘ಸೈನಿಕರ ಬೆಚ್ಚನೆಯ ಗಿಡ್ಡ ಮೇಲುಡುಪು’ ಎಂಬ ಅರ್ಥ ದಂಡಿನ ಊರುಗಳಿಗೆ ತಲುಪಲು ಈ ದಾರಿ ಸಾಕು. ಬೆಂಗಳೂರಿನ ದಂಡು 1809ರಿಂದ ಇದೆ. ಕೋಲಾರದ ಚಿನ್ನದ ಗಣಿಗೆ 1880ರ ದಶಕದಿಂದ ಇಂಗ್ಲಿಷರೂ ಆಂಗ್ಲೋ ಇಂಡಿಯನ್ನರೂ ಬಂದು ನೆಲೆಸಿದರು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳು ಈ ಎರಡು ಊರುಗಳ ಅಕ್ಕಪಕ್ಕದವೇ.

ಆದರೆ ಪದ ಬಂದದ್ದು ಹೇಗೆ ಎಂಬುದಕ್ಕಿಂತ ಉಳಿದದ್ದು ಯಾಕೆ ಎಂಬುದು ಹೆಚ್ಚು ಕುತೂಹಲದ್ದು. ಜಾಕೆಟ್ ಎಂಬ ಸುಲಭದ ಪದ ಇದ್ದಾಗ ಜರ್ಕಿನ್ ಏಕೆ ಬೇಕಾಯಿತು?

ಜಾಕೆಟ್ ಆಗಲೇ ಹೆಂಗಸರ ಪಾಲಾಗಿತ್ತು

ಬಾಗೇಪಲ್ಲಿಯಲ್ಲೋ ಪಾವಗಡದಲ್ಲೋ ಮುಳಬಾಗಿಲಿನಲ್ಲೋ ವಯಸ್ಸಾದವರ ಮುಂದೆ ‘ಜಾಕೆಟ್’ ಎಂದರೆ ಅವರ ಮನಸ್ಸಿಗೆ ಬರುವುದು ಸೀರೆಯ ಕುಪ್ಪಸ. ತೆಲುಗಿನಲ್ಲಿ ‘ಜಾಕೆಟ್ಟು’, ತಮಿಳಿನಲ್ಲಿ ‘ಜಾಕೆಟ್’, ಹಳೆ ಮೈಸೂರಿನ ಕನ್ನಡದಲ್ಲಿ ‘ಜಾಕೀಟು’: ಮೂರೂ ರವಿಕೆಗೆ ಸಂದ ಹೆಸರು. 19ನೇ ಶತಮಾನದ ದಕ್ಷಿಣ ಭಾರತದ ಇಂಗ್ಲಿಷ್ ಕಾಗದಪತ್ರಗಳಲ್ಲಿ ಹೆಂಗಸರ ಹೊಲಿದ ಮೇಲುಡುಪಿಗೆ ಜಾಕೆಟ್ ಎಂದೇ ಬರೆಯುತ್ತಿದ್ದರು. ತಿರುವಾಂಕೂರಿನಲ್ಲಿ ಎದೆ ಮುಚ್ಚುವ ಹಕ್ಕಿಗಾಗಿ ನಾಡಾರ್ ಹೆಂಗಸರು ನಡೆಸಿದ ದೀರ್ಘ ಹೋರಾಟದ ನಂತರ 1859ರಲ್ಲಿ ಹೊರಟ ರಾಜಾಜ್ಞೆಯಲ್ಲಿ ಅವರು ತೊಡಬಹುದೆಂದು ಹೇಳಿದ್ದೂ ಜಾಕೆಟ್ಟನ್ನೇ. ಉತ್ತರ ಕರ್ನಾಟಕದಲ್ಲಿ ರವಿಕೆಗೆ ‘ಜಂಪರ್’ ಎನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ ಜಂಪರ್ ಎಂದರೆ ಸ್ವೆಟರ್. ಇಂಗ್ಲಿಷಿನ ಹೊರ ಉಡುಪಿನ ಪದಗಳು ನಮ್ಮಲ್ಲಿ ಸೀರೆಯ ಕುಪ್ಪಸಕ್ಕೆ ತಿರುಗಿದ್ದು ಒಂದೇ ಸಲವಲ್ಲ.

ಹೀಗಿರುವಾಗ ಗಂಡಸೊಬ್ಬ ‘ನನಗೊಂದು ಜಾಕೆಟ್ ಕೊಡಿ’ ಎಂದು ಕೇಳಿದರೆ ಅಂಗಡಿಯಲ್ಲಿ ನಗೆ ಏಳುವುದು ಖಂಡಿತ. ಕೋಟು ಎಂದರೆ ಮದುವೆಯದು, ವಕೀಲರದು. ಸ್ವೆಟರ್ ಎಂದರೆ ಹೆಣೆದದ್ದು. ಮುಂದೆ ಚೈನು, ಸೊಂಟ ಮತ್ತು ಮುಂಗೈ ಹತ್ತಿರ ಬಿಗಿ ಪಟ್ಟಿ ಇರುವ ಹೊಸ ಬಗೆಯ ಉಡುಪಿಗೆ ಹೆಸರಿನ ಅಗತ್ಯವಿತ್ತು. ಬೇರಾವ ಅರ್ಥವೂ ಅಂಟಿರದ ಪದ ಜರ್ಕಿನ್ ಒಂದೇ. ತಮಿಳು, ತೆಲುಗಿನವರೂ ಅದನ್ನೇ ಹಿಡಿದರು. ಹಿಂದಿ ಸೀಮೆಯಲ್ಲೂ ಜರ್ಕಿನ್ ಎನ್ನುವವರು ಇಲ್ಲದಿಲ್ಲ, ಆದರೆ ಅಲ್ಲಿ ರವಿಕೆಗೆ ಬ್ಲೌಸ್ ಎನ್ನುವುದರಿಂದ ಜಾಕೆಟ್ ಎಂಬ ಮಾತು ಗಂಡಸರಿಗೂ ಮುಕ್ತವಾಗಿತ್ತು. ಅದೇ ಹೆಚ್ಚು ನಡೆಯಿತು. ಇದು ಬರೆದಿಟ್ಟ ದಾಖಲೆ ಹೇಳುವ ಮಾತಲ್ಲ, ಪದಗಳ ಹಂಚಿಕೆ ನೋಡಿ ಮಾಡಿದ ಊಹೆ. ಸೇನೆಯ ದಾರಿಯೊಂದನ್ನೇ ಹೇಳುವ ವಿವರಣೆಗಿಂತ ಇದು ಹೆಚ್ಚು ಹೊಂದುತ್ತದೆ, ಏಕೆಂದರೆ ಸೇನೆ ದೇಶದ ಎಲ್ಲ ಕಡೆ ಇತ್ತು.

ಬಂದ ಪದ ಕನ್ನಡದ ನಡಿಗೆಯನ್ನೂ ಕಲಿತಿದೆ. ಬಸ್ಸು, ರಗ್ಗು ಎನ್ನುವಂತೆ ‘ಜರ್ಕಿನ್ನು’. ‘ಜರ್ಕಿನ್ನಿನ ಚೈನು ಕಿತ್ತೋಗಿದೆ’. ಟೋಪಿ ಇದ್ದರೆ ‘ಟೋಪಿ ಜರ್ಕಿನ್’. ವಿಚಿತ್ರವೆಂದರೆ ಇಂಗ್ಲಿಷರ ಲೆಕ್ಕದ ಅಸಲಿ ಜರ್ಕಿನ್ ನಮ್ಮಲ್ಲಿ ಸಿಕ್ಕರೆ ಅದಕ್ಕೆ ‘ಸ್ಲೀವ್‌ಲೆಸ್’ ಎಂದು ವಿಶೇಷಣ ಹಚ್ಚಬೇಕು.

ಕಂಬಳಿ ಬೈಕ್ ಹತ್ತಲಿಲ್ಲ

ಇಲ್ಲಿ ಚಳಿಗೆ ಹೊದಿಕೆ ಇರಲಿಲ್ಲವೆಂದಲ್ಲ. ‘ಕಂಬಳ’ ಅಥರ್ವವೇದದಲ್ಲೇ ಬರುವ ಪದ. ಬುದ್ಧನ ಕಾಲದ ಚಿಂತಕನೊಬ್ಬ ಅಜಿತ ಕೇಸಕಂಬಲಿ ಎಂದೇ ಹೆಸರಾಗಿದ್ದ, ಕೂದಲಿನ ಕಂಬಳಿ ಹೊದೆಯುತ್ತಿದ್ದನೆಂದು. ಶಿರಾ, ಪಾವಗಡ, ಮಧುಗಿರಿ ಕಡೆಯ ಕುರುಬರ ಕರಿ ಕಂಬಳಿ ಗುಳಿಮಗ್ಗದಲ್ಲಿ ನೇಯುವಂಥದ್ದು. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ಅರೆದು ಕುದಿಸಿದ ಆ ಗಂಜಿಯನ್ನು ಕುಂಚದಿಂದ ನೂಲಿನ ಉದ್ದಕ್ಕೂ ಎಳೆದಾಗ ಒರಟು ಉಣ್ಣೆಯ ಎದ್ದ ಎಳೆಗಳು ಅಂಟಿ ಕೂರುತ್ತವೆ. ಗಂಜಿ ತೆಳುವಾದರೆ ಎಳೆ ಉಜ್ಜಿ ನೂಲು ಹರಿಯುತ್ತದೆ, ಗಟ್ಟಿಯಾದರೆ ನೂಲು ಕಡ್ಡಿಯಂತಾಗಿ ಮುರಿಯುತ್ತದೆ. ಮಳೆ ಬಂದಾಗ ಮೂಲೆ ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಂಡರೆ ಮೈ ಮುಚ್ಚುವ ಕೋಟೂ ಅದೇ, ಟೋಪಿಯೂ ಅದೇ.

ಕಂಬಳಿಯನ್ನು ಹಿಂದೆ ಸರಿಸಿದ್ದು ದ್ವಿಚಕ್ರ ವಾಹನ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಸಮುದ್ರಮಟ್ಟದಿಂದ 800 ಮೀಟರ್‌ಗೂ ಎತ್ತರದ ಊರುಗಳು; ನಂದಿಬೆಟ್ಟ 1,478 ಮೀಟರ್. ಧನುರ್ಮಾಸದ ಬೆಳಗ್ಗೆ ಹಾಲು ಹಾಕಲು ಡೇರಿಗೆ, ರೇಷ್ಮೆಗೂಡು ಹಾಕಲು ಶಿಡ್ಲಘಟ್ಟಕ್ಕೆ, ಟೊಮೆಟೊ ಹೊತ್ತು ಕೋಲಾರದ ಮಂಡಿಗೆ ಹೊರಟವರಿಗೆ ಚಳಿಗಿಂತ ಗಾಳಿಯ ಕಾಟ ಜಾಸ್ತಿ. ಉಷ್ಣಾಂಶ 10 ಡಿಗ್ರಿ ಇದ್ದು ಗಾಡಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡಿದರೆ ಬರಿ ಚರ್ಮಕ್ಕೆ ತಟ್ಟುವುದು ಸುಮಾರು 5ರಿಂದ 6 ಡಿಗ್ರಿಯ ಚಳಿ. ಸ್ವೆಟರ್ ಬೆಚ್ಚಗಿಡುವುದು ಎಳೆಗಳ ನಡುವೆ ನಿಂತ ಗಾಳಿಯಿಂದ. ಎದುರುಗಾಳಿ ಹೆಣಿಗೆಯ ಕಣ್ಣುಗಳಲ್ಲಿ ನುಗ್ಗಿ ಆ ಗಾಳಿಯನ್ನು ಹೊರದಬ್ಬುತ್ತದೆ. ಕಂಬಳಿ ಗಾಳಿ ತಡೆದರೂ ಹಾರಾಡುತ್ತದೆ, ಚಕ್ರಕ್ಕೆ ಸಿಕ್ಕುವ ಭಯ ಬೇರೆ. ಒತ್ತಾಗಿ ನೇಯ್ದ ನೈಲಾನ್ ಹೊರಪದರ, ಒಳಗೆ ಪಾಲಿಯೆಸ್ಟರ್ ಹತ್ತಿ, ಮುಂಗೈ ಬಿಗಿ ಇರುವ ಜರ್ಕಿನ್ ಈ ಎರಡು ತೊಂದರೆಯನ್ನೂ ಒಟ್ಟಿಗೆ ತಪ್ಪಿಸಿತು. ಗಾಡಿ ಓಡಿಸುವವರು ಸ್ವೆಟರ್ ಒಳಗೆ, ಜರ್ಕಿನ್ ಹೊರಗೆ ಹಾಕಬೇಕು. ಅದಲು ಬದಲಾದರೆ ಸ್ವೆಟರ್ ಇದ್ದೂ ಇಲ್ಲದಂತೆ.

‘ತಪ್ಪು ಇಂಗ್ಲಿಷ್’ ಎಂಬ ತಕರಾರು

ಜರ್ಕಿನ್ ಎನ್ನುವುದು ತಪ್ಪು, ತೋಳಿರುವುದು ಜಾಕೆಟ್ ಎಂದು ತಿದ್ದುವವರಿದ್ದಾರೆ. ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ, ಹೊರದೇಶಕ್ಕೆ ಮಾಲು ಹೊಲಿಯುವ ಗಾರ್ಮೆಂಟ್ಸ್‌ನಲ್ಲಿ ಸ್ಪೆಸಿಫಿಕೇಶನ್ ಹಾಳೆ ಓದುವವರಿಗೆ ಇದು ನಿಜಕ್ಕೂ ಮುಖ್ಯ. ಅಲ್ಲಿ ಜರ್ಕಿನ್ ಎಂದರೆ ತೋಳಿಗೆಂದು ಬಟ್ಟೆ ಕತ್ತರಿಸುವ ಅಗತ್ಯವೇ ಇಲ್ಲ. ಕನ್ನಡದೊಳಗೆ ಆ ತಕರಾರಿಗೆ ಅರ್ಥವಿಲ್ಲ. ಇಂಗ್ಲಿಷಿನವರ ‘ಸ್ವೆಟರ್’ ಮೊದಲಿಗೆ ಆಟಗಾರರು ಬೆವರು ಸುರಿಸಲು ಹಾಕುತ್ತಿದ್ದ ಉಡುಪು. ಈಗ ಯಾರೂ ಬೆವರಲು ಅದನ್ನು ಕೊಳ್ಳುವುದಿಲ್ಲ, ಆದರೂ ಹೆಸರು ತಪ್ಪು ಎನ್ನುವುದಿಲ್ಲ. ಕಂಬಳಿ ಮೇಲೆ ಕೂತು ಉಂಡು ಕೂದಲು ಸಿಕ್ಕಿತು ಎಂದಂತೆ ಇದು.

‘ಮೇಲಂಗಿ’ ಎನ್ನೋಣ ಎಂಬುದು ಇನ್ನೊಂದು ಕಡೆಯ ವಾದ. ಚಂದದ ಪದವೇ. ಆದರೆ ವೈದ್ಯರ ಬಿಳಿ ಕೋಟೂ ಮೇಲಂಗಿ, ವಕೀಲರ ಕರಿ ಗೌನೂ ಮೇಲಂಗಿ. ಅಂಗಡಿಯಲ್ಲಿ ಒಂದು ನಿರ್ದಿಷ್ಟ ಉಡುಪನ್ನು ಬೆರಳಿಟ್ಟು ತೋರಿಸಲು ಅದು ಸಾಲದು.

ಇನ್ನು ಮುಂದೆ

ತೆರಿಗೆಯ ಗೆರೆ ಮಾಲಿನ ಗುಣಮಟ್ಟವನ್ನು ಮುಟ್ಟದೆ ಇರಲಾರದು. 2,700 ರೂಪಾಯಿ ಮೂಲ ಬೆಲೆಯ ಜರ್ಕಿನ್ ಮಾಡುತ್ತಿದ್ದವರಿಗೆ ಅದನ್ನು 2,500ರೊಳಗೆ ತರುವ ಆಸೆ ಹುಟ್ಟುತ್ತದೆ. ಕೈ ಹಾಕಲು ಸುಲಭವಾದ ಜಾಗಗಳು ಗಿರಾಕಿಯ ಕಣ್ಣಿಗೆ ಬೀಳದವು: ಒಳಗಿನ ಹತ್ತಿ, ಚೈನು, ಅಸ್ತರಿಯ ಹೊಲಿಗೆ. ಹತ್ತಿಯ ದಪ್ಪವನ್ನು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಜಿಎಸ್‌ಎಂನಲ್ಲಿ ಹೇಳುತ್ತಾರೆ. ಚೀಟಿಯಲ್ಲಿ ಅದನ್ನು ಬರೆಯದಿದ್ದರೆ ಕಡಿಮೆ ಮಾಡಿದ್ದು ತಿಳಿಯುವುದೇ ಇಲ್ಲ. ಅಡ್ಡ ಹೊಲಿಗೆಗಳ ನಡುವಿನ ಅಂತರ ಅಗಲವಾದಷ್ಟೂ ಒಗೆದಾಗ ಹತ್ತಿ ಜಾರಿ ಕೆಳಗೆ ಉಂಡೆಯಾಗುತ್ತದೆ, ಭುಜದ ಹತ್ತಿರ ಬರಿ ಬಟ್ಟೆ ಉಳಿಯುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ತೆಳುವಾದ ಜಾಗ ಅಂಗಡಿಯಲ್ಲೇ ಕಾಣುತ್ತದೆ. ಚೈನನ್ನು ಕೆಳಗಿನಿಂದ ಮೇಲಕ್ಕೆ ಒಂದೇ ಕೈಯಲ್ಲಿ ಎಳೆದಾಗ ತಡವರಿಸಿದರೆ ಆ ಪೀಸ್ ಬಿಡುವುದು ಒಳ್ಳೆಯದು. ಹಲ್ಲಿಗಿಂತ ಮೊದಲು ಕೆಡುವುದು ಎಳೆಯುವ ಗುಂಡಿ. ಅದರ ಬಾಯಿ ಅಗಲಿಸಿಕೊಂಡರೆ ಚೈನು ಹಾಕಿದರೂ ಹಿಂದೆ ಬಿಚ್ಚುತ್ತಾ ಬರುತ್ತದೆ. ಇಕ್ಕಳದಿಂದ ಎರಡು ಬದಿ ಸ್ವಲ್ಪ ಒತ್ತಿದರೆ ಹಲವು ಸಲ ಸರಿಹೋಗುತ್ತದೆ.

ಪದದ ಮಟ್ಟಿಗೆ ಜರ್ಕಿನ್‌ಗೆ ಸ್ಪರ್ಧೆ ಬಂದಿದೆ. ಸೀರೆಯ ಕುಪ್ಪಸಕ್ಕೆ ‘ಬ್ಲೌಸ್’ ಎನ್ನುವುದೇ ಈಗ ಮಾಮೂಲಾದದ್ದರಿಂದ ‘ಜಾಕೆಟ್’ ಗಂಡಸರಿಗೂ ಬಿಡುಗಡೆಯಾಗಿದೆ. ಕಾಲೇಜು ಹುಡುಗರು ಹೂಡಿ, ಬಾಂಬರ್, ಪಫರ್ ಎಂದು ಬಿಡಿಸಿ ಹೇಳುತ್ತಾರೆ. ಆನ್‌ಲೈನ್ ಅಂಗಡಿಗಳ ಪಟ್ಟಿ ಇಂಗ್ಲಿಷಿನವರ ಅರ್ಥವನ್ನೇ ಹಿಡಿಯುವ ಸಾಧ್ಯತೆ ಹೆಚ್ಚು. ಅಲ್ಲಿ ಜರ್ಕಿನ್ ಎಂದು ಹುಡುಕಿದಾಗ ತೋಳಿಲ್ಲದ ಮಾಲೂ ಎದುರಾಗಬಹುದು. ಹಣ ಕಟ್ಟುವ ಮೊದಲು ವಿವರದಲ್ಲಿ ‘ಫುಲ್ ಸ್ಲೀವ್’ ಎಂದಿದೆಯೇ ನೋಡಿಕೊಳ್ಳಬೇಕು.